ಬೆಂಗಳೂರಿಗೆ ಬಂದ ಹಾಡುಗಾರರಿಗೆ: ಮೊದಲ ಎರಡು ವರ್ಷ

ಸಂಗೀತವನ್ನೇ ನೆಚ್ಚಿ ಬದುಕಬೇಕೆಂದು ಗದಗ, ಧಾರವಾಡ, ಶಿರಸಿ, ಸಾಗರ, ಹಾಸನಗಳಿಂದ ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲು ಕೈತಪ್ಪುವುದು ಬೆಳಗಿನ ಅಭ್ಯಾಸ. ಊರಿನಲ್ಲಿ ಐದಕ್ಕೆ ಎದ್ದು ತಂಬೂರಿ ಹಿಡಿದರೆ ಕೇಳುವವರಿರಲಿಲ್ಲ. ಇಲ್ಲಿ ಪಿಜಿಯ ಪಕ್ಕದ ಮಂಚದವನು ರಾತ್ರಿ ಪಾಳಿ ಮುಗಿಸಿ ಆಗತಾನೆ ಮಲಗಿರುತ್ತಾನೆ, ಗೋಡೆಯಾಚೆ ಮನೆ ಮಾಲೀಕರಿರುತ್ತಾರೆ, ಎಂಟರ ಬಸ್ಸು ತಪ್ಪಿದರೆ ಕೆಲಸಕ್ಕೆ ತಡವಾಗುತ್ತದೆ. ಆರು ತಿಂಗಳು ಹೀಗೇ ಕಳೆದರೆ ದನಿ ಶ್ರುತಿಗೆ ಕೂಡಲು ಹೊತ್ತು ಹಿಡಿಯುತ್ತದೆ, ಕೈ ಓಡುವುದಿಲ್ಲ. ಆಮೇಲೆ ಅವಕಾಶ ಬಂದರೂ ಅದನ್ನು ಉಳಿಸಿಕೊಳ್ಳುವ ಕಸುವು ಇರುವುದಿಲ್ಲ. ಹಾಗಾಗಿ ಮನೆಯಿರಲಿ, ನೌಕರಿಯಿರಲಿ, ಕಾರ್ಯಕ್ರಮವಿರಲಿ, ಒಪ್ಪಿಕೊಳ್ಳುವ ಮುನ್ನ ಇದರಿಂದ ಅಭ್ಯಾಸದ ಹೊತ್ತು ಉಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ಮುಂದೆ ಹೇಳುವುದೆಲ್ಲ ಈ ಪ್ರಶ್ನೆಯನ್ನು ಹಿಡಿದೇ ಹೇಳಿದ್ದು.

ಹಾಡಲು ಬಿಡುವ ಮನೆ

ಮನೆ ನೋಡಲು ಹೋದಾಗ ನೀರು, ಬೆಳಕು, ಅಡ್ವಾನ್ಸು ಎಲ್ಲ ಮಾತಾಡುತ್ತೇವೆ, ಸಂಗೀತದ ವಿಷಯ ಮಾತ್ರ ಮುಚ್ಚಿಡುತ್ತೇವೆ. ಮುಚ್ಚಿಟ್ಟು ಸೇರಿದರೆ ಎರಡನೇ ವಾರಕ್ಕೇ ತಕರಾರು ಶುರು. ಮೊದಲೇ ಹೇಳಿ: "ಅಂಕಲ್, ನಾನು ತಬಲಾ ನುಡಿಸ್ತೀನಿ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಒಂದು ಗಂಟೆ. ಒಂಬತ್ತರ ಮೇಲೆ ಮುಟ್ಟೋದಿಲ್ಲ." ಹೊತ್ತು ಗೊತ್ತುಮಾಡಿ ಹೇಳಿದವರಿಗೆ ಒಪ್ಪುವ ಮಾಲೀಕರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರಗಳಂಥ ಹಳೆಯ ಬಡಾವಣೆಗಳಲ್ಲಿ ಮನೆಯ ಮಕ್ಕಳೇ ಪಾಠಕ್ಕೆ ಹೋಗುತ್ತಿರುವುದೂ ಉಂಟು. ಬಾಡಿಗೆ ಸ್ವಲ್ಪ ಹೆಚ್ಚು, ನಿಜ. ಆದರೆ ಸಂಜೆ ಕಛೇರಿ ಮುಗಿಸಿ ನಡೆದೇ ಮನೆ ಸೇರಬಹುದು. ನಗರದ ಅಂಚಿನಲ್ಲಿ ಅಗ್ಗದ ಮನೆ ಹಿಡಿದವರು ಉಳಿಸಿದ ಹಣವನ್ನು ದಿನಕ್ಕೆ ಮೂರು ಗಂಟೆಯ ಪ್ರಯಾಣದಲ್ಲಿ ಕಳೆದುಕೊಳ್ಳುತ್ತಾರೆ. ಅಲ್ಲೇ ಇರಬೇಕಾದರೆ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಹುಡುಕಿ.

ಮಹಡಿಯ ಮೇಲಿನ ಒಂಟಿ ಕೋಣೆ ಸಂಗೀತದವರಿಗೆ ಒಳ್ಳೆಯದು, ಅಕ್ಕಪಕ್ಕ ಯಾರೂ ಇರುವುದಿಲ್ಲ. ಛಾವಣಿ ಶೀಟಿನದಾಗಿದ್ದರೆ ಮಾತ್ರ ಬೇಡ. ಮಳೆ ಬಂದರೆ ಏನೂ ಕೇಳಿಸುವುದಿಲ್ಲ, ಬೇಸಿಗೆಯ ಕಾವಿಗೆ ತಬಲಾದ ಮುಚ್ಚಿಗೆ ಬಿಗಿದು ಶ್ರುತಿ ಏರುತ್ತದೆ. ಅಡ್ವಾನ್ಸು ಕೊಡುವ ಮೊದಲು ಗೆಳೆಯನೊಬ್ಬನನ್ನು ಕೆಳಮನೆಯ ಬಾಗಿಲಲ್ಲಿ ನಿಲ್ಲಿಸಿ, ಕೋಣೆಯಲ್ಲಿ ಪೂರ್ಣ ಕಂಠದಿಂದ ತಾರಷಡ್ಜ ಹಿಡಿದು ನೋಡಿ. ಎಷ್ಟು ಕೇಳಿಸುತ್ತದೆಂದು ಆಗಲೇ ತಿಳಿಯುತ್ತದೆ.

ಪಿಜಿಯೇ ಗತಿ ಎನ್ನುವವರು ಅಭ್ಯಾಸಕ್ಕೆ ಬೇರೆ ಜಾಗ ಮಾಡಿಕೊಳ್ಳಲೇಬೇಕು. ಬೆಳಗಿನ ಪೂಜೆಯಾದ ಮೇಲೆ ಖಾಲಿ ಇರುವ ದೇವಸ್ಥಾನದ ಪ್ರಾಂಗಣ, ಪಾಠವಿಲ್ಲದ ಹೊತ್ತಿನ ಸಂಗೀತ ಶಾಲೆ, ಊರಿನ ಮಠದ ಶಾಖೆ, ಇವೆಲ್ಲ ಕೇಳಿದರೆ ಸಿಗುವಂಥವು. ಬ್ಯಾಂಡಿನವರಿಗೆ ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಜ್ಯಾಮ್ ರೂಮುಗಳಿವೆ. ವಾರದ ದಿನ ಮಧ್ಯಾಹ್ನ ಅವುಗಳಲ್ಲಿ ಜನ ಕಡಿಮೆ.

ಹೊಟ್ಟೆಪಾಡಿನ ಕೆಲಸ

ಬೇರೆ ಕೆಲಸ ಮಾಡಿದರೆ ಸಂಗೀತಕ್ಕೆ ದ್ರೋಹ ಎಂಬ ಭಾವನೆ ಹೊಸಬರಲ್ಲಿ ಬಹಳ. ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ದುಡಿದವರು, ಕನ್ನಡಕ್ಕೆ ಅವರು ಕೊಟ್ಟ ಎಷ್ಟೋ ರಾಗ ಸಂಯೋಜನೆಗಳು ಆ ನೌಕರಿಯ ದಿನಗಳವು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಹಿನ್ನೆಲೆ ಗಾಯಕ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ತಿಂಗಳ ಬಾಡಿಗೆಯ ಚಿಂತೆಯಿದ್ದವರು ಸಿಕ್ಕ ಸಿಕ್ಕ ಕಾರ್ಯಕ್ರಮ ಒಪ್ಪಿಕೊಳ್ಳುತ್ತಾರೆ. ಆ ಚಿಂತೆಯಿಲ್ಲದಿದ್ದರೆ ಬೇಡವಾದದ್ದನ್ನು ಬೇಡವೆನ್ನಬಹುದು.

ಸಂಗೀತದಲ್ಲೇ ಸಂಬಳ ಬೇಕೆನ್ನುವವರಿಗೆ ಶಾಲೆಯ ಸಂಗೀತ ಶಿಕ್ಷಕರ ಹುದ್ದೆ ಮೊದಲ ಮೆಟ್ಟಿಲು. ಸಂದರ್ಶನದಲ್ಲಿ ಪ್ರಮಾಣಪತ್ರ ಕೇಳುತ್ತಾರೆ. ಸೀನಿಯರ್, ವಿದ್ವತ್ ಪರೀಕ್ಷೆಯದೋ ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದವೋ ಇದ್ದರೆ ಊರಿನಲ್ಲೇ ಬಿಟ್ಟು ಬರಬೇಡಿ. ಇನ್ನೊಂದು ದಾರಿ ಮನೆಪಾಠ. ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಮಕ್ಕಳನ್ನು ಹಿಡಿದರೆ ಓಡಾಟ ಉಳಿಯುತ್ತದೆ. ಮೊದಲ ಮಗು ಚೆನ್ನಾಗಿ ಕಲಿತರೆ ಉಳಿದವರನ್ನು ಆ ತಾಯಿಯೇ ಸೇರಿಸುತ್ತಾರೆ.

ವಿದೇಶದ ಕನ್ನಡಿಗರ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿದರೆ ಹಣ ಚೆನ್ನಾಗಿ ಬರುತ್ತದೆ. ಆದರೆ ಅಲ್ಲೊಂದು ತೊಡಕಿದೆ. ಕ್ಯಾಲಿಫೋರ್ನಿಯಾದ ಮಗು ಶಾಲೆಯಿಂದ ಬಂದು ಪಾಠಕ್ಕೆ ಕೂರುವ ಸಂಜೆ ಐದೂವರೆ, ಬೇಸಿಗೆಯ ಲೆಕ್ಕದಲ್ಲಿ ನಮಗೆ ಮರುದಿನ ಬೆಳಿಗ್ಗೆ ಆರು. ವಾರವಿಡೀ ಆರರಿಂದ ಒಂಬತ್ತರವರೆಗೆ ಪಾಠ ಹೇಳಿದವರ ಸ್ವಂತ ಅಭ್ಯಾಸ ನಿಂತುಹೋದದ್ದನ್ನು ನಾನು ನೋಡಿದ್ದೇನೆ. ತಿಂಗಳ ಕೊನೆಗೆ ಹಣ ಬರುತ್ತಿರುವುದರಿಂದ ಅವರಿಗದು ಗೊತ್ತಾಗುವುದೂ ನಿಧಾನ. ಅಮೆರಿಕದ ಪಾಠ ವಾರಕ್ಕೆ ಎರಡು ಬೆಳಗಿಗೆ ಮೀಸಲಿಡಿ. ದುಬೈ, ಮಸ್ಕತ್, ಲಂಡನ್ನಿನ ಮಕ್ಕಳು ಸಿಕ್ಕರೆ ಇನ್ನೂ ಒಳ್ಳೆಯದು. ಅವರ ಸಂಜೆ ನಮಗೂ ಸಂಜೆ ಇಲ್ಲವೇ ರಾತ್ರಿ.

ಹದಿನೆಂಟರಿಂದ ಇಪ್ಪತ್ತೈದರೊಳಗಿನವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ, ದೇಶಕ್ಕೆಲ್ಲ ಸೇರಿ 400 ಮಂದಿಗೆ. ಗುರುಗಳ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಅದನ್ನು ಹೇಳುವ ಪತ್ರವನ್ನು ಊರು ಬಿಡುವ ಮೊದಲೇ ಗುರುಗಳಿಂದ ಬರೆಸಿಕೊಳ್ಳಿ.

ಮೊದಲು ಕೇಳುಗರಾಗಿ

ಬಂದ ಮೊದಲ ಆರು ತಿಂಗಳು ವೇದಿಕೆ ಕೇಳಬೇಡಿ, ಕಛೇರಿ ಕೇಳಿ. ವಿ.ವಿ. ಪುರಂನಲ್ಲಿ ನೂರು ವರ್ಷ ದಾಟಿದ ಗಾಯನ ಸಮಾಜವಿದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ವಯ್ಯಾಲಿಕಾವಲ್‌ನ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದರ ಹತ್ತಿರವೇ ಕನ್ನಡ ಭವನದ ನಯನ ಸಭಾಂಗಣ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್, ಒಂದೊಂದರ ಕೇಳುಗರೂ ಬೇರೆ, ರುಚಿಯೂ ಬೇರೆ. ಸುಗಮ ಸಂಗೀತದವರು ನಯನದ ಕಾರ್ಯಕ್ರಮಗಳಿಗೂ ಕರ್ನಾಟಕ ಸುಗಮ ಸಂಗೀತ ಪರಿಷತ್ತಿನ ಗೀತೋತ್ಸವಕ್ಕೂ ತಪ್ಪದೆ ಹೋಗಿ. ಅನೇಕ ಕಡೆ ಪ್ರವೇಶ ಉಚಿತ.

ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೋಗಿ. ಮೈಕು ಹೊಂದಿಸುವವರು, ಜಮಖಾನೆ ಹಾಸುವವರು, ತಂಬೂರಿ ಶ್ರುತಿ ಮಾಡುವ ಶಿಷ್ಯರು ಆಗ ಸಿಗುತ್ತಾರೆ. ನಗರದ ಸಂಗೀತದ ಸುದ್ದಿಯೆಲ್ಲ ಇರುವುದು ಇವರ ಬಳಿ. ತಂಬೂರಿಗೆ ಕೂರುವವರು ಒಮ್ಮೊಮ್ಮೆ ಬರುವುದಿಲ್ಲ. "ನಾನು ಕೂರ್ತೀನಿ ಸರ್" ಎಂದು ಎದ್ದವರಿಗೆ ದೊಡ್ಡ ಗಾಯಕರ ಬೆನ್ನಿಗೇ ಎರಡು ಗಂಟೆ ಕೂತು ಕೇಳುವ ಯೋಗ. ಕಛೇರಿ ಮುಗಿದ ಮೇಲೆ ಹೋಗಿ ನಮಸ್ಕರಿಸಿ, ಕೇಳಿದ್ದರಲ್ಲಿ ಏನು ಹಿಡಿಸಿತೋ ಅದನ್ನು ಒಂದೇ ಮಾತಿನಲ್ಲಿ ಹೇಳಿ ಬನ್ನಿ. ಮೊದಲ ಭೇಟಿಯಲ್ಲೇ ನಿಮ್ಮ ಹಾಡಿನ ಲಿಂಕ್ ಕಳಿಸುವ ಆತುರ ಬೇಡ. ಹೊಸ ಗುರುಗಳ ಬಳಿ ಕಲಿಯುವ ಮನಸ್ಸಾದರೆ ಊರಿನ ಗುರುಗಳಿಗೆ ಮೊದಲು ತಿಳಿಸಿ, ಅವರ ಬಾಯಿಂದಲೇ ಒಂದು ಮಾತು ಹೇಳಿಸಿ. ನಮ್ಮ ಸಂಗೀತದಲ್ಲಿ ಇಂದಿಗೂ ಇದಕ್ಕೆ ಬೆಲೆಯಿದೆ.

ವಾದಕರಿಗೆ ಗಾಯಕರಿಗಿಂತ ಬೇಗ ಕೆಲಸ ಸಿಗುತ್ತದೆ. ತಬಲಾ, ಹಾರ್ಮೋನಿಯಂ, ಕೊಳಲು, ಕೀಬೋರ್ಡಿನವರನ್ನು ನೃತ್ಯ ಶಾಲೆ, ಭಜನಾ ಮಂಡಳಿ, ನಾಟಕ ತಂಡ, ಆರ್ಕೆಸ್ಟ್ರಾಗಳು ಹುಡುಕುತ್ತಲೇ ಇರುತ್ತವೆ. ನಂಬರು ಸಿಕ್ಕವರಿಗೆ ಚಿಕ್ಕದೊಂದು ಸಂದೇಶ ಕಳಿಸಿ: "ನಮಸ್ಕಾರ ಸರ್, ನಾನು ಗದಗಿನವನು, ಈಗ ವಿಜಯನಗರದಲ್ಲಿದ್ದೀನಿ. ತಬಲಾ ನುಡಿಸ್ತೀನಿ, ವಚನ, ದಾಸರ ಪದ, ಭಾವಗೀತೆ ಎಲ್ಲ ರೂಢಿ ಇದೆ. ವಾದ್ಯ ನಂದೇ ತರ್ತೀನಿ. ಶನಿವಾರ, ಭಾನುವಾರ ಪೂರ್ತಿ ಬಿಡುವು. ಯಾರಾದರೂ ತಪ್ಪಿದರೆ ಕೊನೇ ಗಳಿಗೆಯಲ್ಲಿ ಫೋನ್ ಮಾಡಿದರೂ ಬರ್ತೀನಿ." ಕೊನೆಯ ವಾಕ್ಯವನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಹಾಡುವವರು ತಮ್ಮ ಶ್ರುತಿ ಎಷ್ಟನೇ ಮನೆ ಎಂಬುದನ್ನೂ ಬರೆಯಲಿ. ಗಣೇಶನ ಹಬ್ಬದಿಂದ ನವೆಂಬರ್ ರಾಜ್ಯೋತ್ಸವದ ಕೊನೆಯವರೆಗೆ ಬಡಾವಣೆಗೊಂದು ವೇದಿಕೆ ಏಳುವ ಕಾಲ, ಜುಲೈನಲ್ಲೇ ಪರಿಚಯ ಮಾಡಿಕೊಂಡಿದ್ದರೆ ಆಗ ಕರೆ ಬರುತ್ತದೆ.

ಸ್ಟುಡಿಯೊದಲ್ಲಿ ಮೊದಲ ದಿನ

ಟ್ರ್ಯಾಕ್ ಹಾಡಲು ಕರೆ ಬಂತೆನ್ನಿ. ಇಂದಿನ ಸ್ಟುಡಿಯೊ ಎಂದರೆ ಎಷ್ಟೋ ಸಲ ಮನೆಯೊಂದರ ಒಳಕೋಣೆ, ಗೋಡೆಗೆ ಅಂಟಿಸಿದ ಸ್ಪಂಜು, ಗಾಜಿನಾಚೆ ಒಬ್ಬ ಎಂಜಿನಿಯರ್. ಸಾಹಿತ್ಯ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ, ರಾಗ ಸಂಯೋಜಕರು ಗುನುಗಿ ಕಳಿಸಿದ ಧ್ವನಿ ತುಣುಕಿನಲ್ಲಿರುತ್ತದೆ. ಸಾಹಿತ್ಯವನ್ನು ಕೈಯಲ್ಲಿ ಹಾಳೆಗೆ ಬರೆದುಕೊಳ್ಳಿ, ಉಸಿರು ಎಲ್ಲಿ ತೆಗೆಯಬೇಕೋ ಅಲ್ಲಿ ಗೆರೆ ಹಾಕಿ. ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಪ, ಬ, ಭ ಅಕ್ಷರಗಳು ಬಂದಾಗ ಮುಖವನ್ನು ತುಸು ಓರೆ ಮಾಡಿದರೆ ಗಾಳಿ ಬಡಿಯುವುದಿಲ್ಲ. ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಅರ್ಧ ಸರಿಸಿಕೊಳ್ಳಿ, ಸ್ವಂತ ದನಿ ಕೇಳಿಸಿದರೆ ಶ್ರುತಿ ಜಾರುವುದಿಲ್ಲ.

ಸಭೆಯಲ್ಲಿ ಹಾಡಿ ರೂಢಿಯಾದವರಿಗೆ ಇಲ್ಲಿ ಕಷ್ಟವಾಗುವುದು ಎರಡು. ಒಂದು, ಕ್ಲಿಕ್. ಕಿವಿಯಲ್ಲಿ ಟಿಕ್ ಟಿಕ್ ಎಂದು ಬಡಿಯುವ ಲಯದ ಜೊತೆ ಹಾಡುವುದನ್ನು ಮನೆಯಲ್ಲೇ ಮೆಟ್ರೊನೋಮ್ ಹಾಕಿ ಸಾಧಿಸಬೇಕು. ಎರಡು, ತುಂಡು ತುಂಡಾಗಿ ಹಾಡುವುದು. "ಆ ಸಾಲು ಪಂಚ್ ಮಾಡೋಣ" ಎಂದರೆ ಒಂದೇ ಸಾಲನ್ನು ಮತ್ತೆ ಹಾಡಿ ಹಳೆಯದರ ಜಾಗಕ್ಕೆ ಕೂರಿಸುವುದು. ಆಗ ಹಿಂದಿನ ಸಾಲಿನಿಂದಲೇ ಹಾಡಿಕೊಂಡು ಬನ್ನಿ, ಭಾವ ಕಡಿಯುವುದಿಲ್ಲ. ಗಮಕ, ಮುರ್ಕಿಗಳನ್ನು ಕೇಳಿದಷ್ಟೇ ಹಾಕಿ. ಉಚ್ಚಾರಣೆಯ ಮೇಲೆ ಕಣ್ಣಿರಲಿ. ಳಕಾರ ಲಕಾರವಾಗುವುದು, ಹಕಾರ ನುಂಗಿಹೋಗುವುದು ಮೈಕಿನಲ್ಲಿ ಎದ್ದು ಕೇಳಿಸುತ್ತದೆ.

ಹಾಡುವ ಮೊದಲೇ ಕೇಳಬೇಕಾದದ್ದು: ಇದು ಟ್ರ್ಯಾಕೋ, ಅಂತಿಮ ದನಿಯೋ? ಟ್ರ್ಯಾಕ್ ಎಂದರೆ ನಾಳೆ ಬೇರೆ ಗಾಯಕರು ಬಂದು ನಿಮ್ಮ ದನಿ ತೆಗೆಯಬಹುದು. ಅದು ಈ ವೃತ್ತಿಯ ರೂಢಿ, ಅವಮಾನವೇನಲ್ಲ, ಸಂಭಾವನೆ ಮಾತ್ರ ಅಂದೇ ಕೈಗೆ ಬರಬೇಕು. ಹೆಣ್ಣುಮಕ್ಕಳು ಗೊತ್ತಿಲ್ಲದ ಸ್ಟುಡಿಯೊಗೆ ಮೊದಲ ಸಲ ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಲಿ. ಬೇಡವೆನ್ನುವ ಸ್ಟುಡಿಯೊಗೆ ಹೋಗುವ ಅಗತ್ಯವಿಲ್ಲ. ರಾತ್ರಿ ಕಾರ್ಯಕ್ರಮವಾದರೆ ಮನೆ ಸೇರಿಸುವ ಹೊಣೆ ಆಯೋಜಕರದೆಂದು ಮೊದಲೇ ಮಾತಾಗಲಿ.

ಮತ್ತೊಂದು ಎಚ್ಚರ. ಸಿನಿಮಾದಲ್ಲಿ ಹಾಡಿಸುತ್ತೇವೆ, ಟಿವಿ ಷೋಗೆ ಆಯ್ಕೆ ಮಾಡಿಸುತ್ತೇವೆ, ನೋಂದಣಿಗೆ ಇಷ್ಟು ಕೊಡಿ ಎಂದು ಕೇಳುವವರು ಇದ್ದೇ ಇರುತ್ತಾರೆ. ಹಾಡಿಸುವವರು ಹಾಡುಗಾರರಿಗೆ ಹಣ ಕೊಡಬೇಕು. ಹಣ ಈ ಕಡೆಯಿಂದ ಆ ಕಡೆಗೆ ಹೋಗಬೇಕು ಎಂದ ತಕ್ಷಣ ಎದ್ದು ಬನ್ನಿ.

ಆಕಾಶವಾಣಿಯ ಶ್ರೇಣಿ

ಯೂಟ್ಯೂಬ್ ಕಾಲದಲ್ಲಿ ಆಕಾಶವಾಣಿ ಯಾಕೆ ಎಂದು ಕೇಳುವವರಿದ್ದಾರೆ. ಬೇಕು. ಸಭೆಗಳವರು, ಸರ್ಕಾರಿ ಉತ್ಸವಗಳವರು ಹೊಸ ಹೆಸರನ್ನು ಅಳೆಯಲು ಇಂದಿಗೂ ಆಕಾಶವಾಣಿಯ ಶ್ರೇಣಿ ನೋಡುತ್ತಾರೆ. 'ಬಿ'ಯಿಂದ ಶುರು, ಮೇಲೆ 'ಬಿ ಹೈ', 'ಎ', 'ಟಾಪ್'. ಆಡಿಷನ್ನಿಗೆ ಸಿದ್ಧವಾಗುವುದು ಕೂಡ ಒಂದು ಶಿಕ್ಷಣ. ನೀವು ಸಾಧಿಸಿದ ರಾಗಗಳ ಪಟ್ಟಿ ಕೊಡಬೇಕು, ಪರೀಕ್ಷಕರು ಅದರಲ್ಲಿ ಯಾವುದನ್ನಾದರೂ ಕೇಳಬಹುದು, ಕೆಲವೇ ನಿಮಿಷಗಳಲ್ಲಿ ರಾಗದ ರೂಪ ನಿಲ್ಲಿಸಬೇಕು. ಪಟ್ಟಿ ಉದ್ದ ಮಾಡಲು ಅರೆಬರೆ ಬರುವ ರಾಗ ಸೇರಿಸಬೇಡಿ. ಧಾರವಾಡದಲ್ಲೋ ಮಂಗಳೂರಿನಲ್ಲೋ ಈಗಾಗಲೇ ಶ್ರೇಣಿ ಪಡೆದಿದ್ದರೆ ಬೆಂಗಳೂರು ನಿಲಯಕ್ಕೆ ವರ್ಗ ಮಾಡಿಸಿಕೊಳ್ಳುವ ಬಗ್ಗೆ ಎರಡೂ ಕಡೆ ವಿಚಾರಿಸಿ.

ಹಕ್ಕು, ಕರಾರು, ಕಾಸು

ಭಾವಗೀತೆಯ ಹೊಸ ತಂಡಗಳು ಎಡವುವುದು ಇಲ್ಲೇ. ಕವಿತೆಗೆ ಹೊಸ ರಾಗ ಹಾಕಿ ಆಲ್ಬಂ ಮಾಡುತ್ತಾರೆ, ಕವಿಯ ಮನೆಯವರನ್ನು ಕೇಳಿರುವುದಿಲ್ಲ. ನಮ್ಮ ಕಾನೂನಿನಂತೆ ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು ಅವರ ಕವಿತೆಗಳಿಗೆ 2054ರವರೆಗೆ, ಕೆ.ಎಸ್. ನರಸಿಂಹಸ್ವಾಮಿ ಅವರವಕ್ಕೆ 2063ರವರೆಗೆ. ಪಂಜೆ ಮಂಗೇಶರಾಯರು 1937ರಲ್ಲೂ ಗೋವಿಂದ ಪೈ 1963ರಲ್ಲೂ ತೀರಿಕೊಂಡಿದ್ದರಿಂದ ಅವರ ಕವಿತೆಗಳಿಗೆ ಈಗ ಯಾರ ಅನುಮತಿಯೂ ಬೇಡ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳೂ ಹಾಗೆಯೇ. ಆದರೆ ಅವಕ್ಕೆ ಇತ್ತೀಚಿನ ಸಂಯೋಜಕರು ಹಾಕಿದ ರಾಗ ಅವರ ಸ್ವತ್ತು. ಸಾಹಿತ್ಯ ಹಳೆಯದೆಂದು ಜನಪ್ರಿಯ ಧಾಟಿಯನ್ನೇ ಎತ್ತಿಕೊಂಡರೆ ತಕರಾರು ಬರುತ್ತದೆ. ಸ್ವಂತ ರಾಗ ಹಾಕಿ.

ನಿಮ್ಮದೇ ಹಾಡನ್ನು ಆಡಿಯೊ ಕಂಪನಿಗೆ ಕೊಡುವಾಗ ಕರಾರಿನಲ್ಲಿ ಅವಧಿ ಮತ್ತು ಪ್ರದೇಶ ಬರೆದಿದೆಯೇ ನೋಡಿ. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಎಣಿಸುತ್ತದೆ. ಕಂಪನಿಗಳು ಬರೆಸಿಕೊಳ್ಳುವುದು ಮಾತ್ರ ಸಾಮಾನ್ಯವಾಗಿ ಶಾಶ್ವತವಾಗಿ, ಜಗತ್ತಿಗೆಲ್ಲ ಎಂದು. ಅಲ್ಲಿ ಚೌಕಾಸಿ ಮಾಡಿ, ಹತ್ತು ವರ್ಷಕ್ಕೆ ಇಳಿದರೂ ದೊಡ್ಡ ಗಳಿಕೆಯೇ. 2012ರ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಯೋಜಕರ ರಾಯಧನದ ಪಾಲನ್ನು ನಿರ್ಮಾಪಕರೋ ಕಂಪನಿಯೋ ಬರೆಸಿಕೊಳ್ಳುವಂತಿಲ್ಲ. ಹಾಡು ಬರೆಯುವವರು, ರಾಗ ಹಾಕುವವರು 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾದರೆ ಆ ಹಣ ಕೈಗೆ ಬರುವ ದಾರಿ ತೆರೆಯುತ್ತದೆ. ಗಾಯಕರಿಗೂ ವಾದಕರಿಗೂ ಅವರದೇ ಬೇರೆ ಸಂಸ್ಥೆಯಿದೆ.

ಯೂಟ್ಯೂಬ್, ಸ್ಪಾಟಿಫೈಗಳಿಂದ ಬಾಡಿಗೆ ಕಟ್ಟುವ ಕನಸು ಮೊದಲ ಎರಡು ವರ್ಷ ಬೇಡ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಹಣ ಕೊಡುವುದಿಲ್ಲ. ಸಿನಿಮಾ ಹಾಡನ್ನೇ ಹಾಡಿ ಹಾಕಿದರೆ ಬಂದ ಹಣ ಬಹುತೇಕ ಹಕ್ಕುದಾರ ಕಂಪನಿಗೆ ಹೋಗುತ್ತದೆ. ಆದರೂ ಚಾನೆಲ್ ಇರಲಿ. ಶುದ್ಧವಾಗಿ ಮುದ್ರಿಸಿದ, ಒಂದೇ ವಾದ್ಯದ ಜೊತೆಗಿನ ಮೂರು ಹಾಡು ಸಾಕು, ಕರೆಯುವವರಿಗೆ ತೋರಿಸಲು.

ಕಾರ್ಯಕ್ರಮದ ಸಂಭಾವನೆ ಹೇಳುವಾಗ ಪಕ್ಕವಾದ್ಯದವರ ಹಣವನ್ನು ಮೊದಲು ಲೆಕ್ಕ ಹಾಕಿ, ಓಡಾಟ ಸೇರಿಸಿ, ಆಮೇಲೆ ನಿಮ್ಮದು. ಆಯೋಜಕರು ತಡ ಮಾಡಿದರೂ ಪಕ್ಕವಾದ್ಯದವರಿಗೆ ಅಂದೇ ಕೊಟ್ಟು ಕಳಿಸುವ ಗಾಯಕರ ಹೆಸರು ಈ ನಗರದಲ್ಲಿ ಬೇಗ ಹರಡುತ್ತದೆ. ಕಂಪನಿಗಳ ಕಾರ್ಯಕ್ರಮದಲ್ಲಿ ಮೊತ್ತ ದೊಡ್ಡದಿದ್ದರೆ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ ಮುರಿದು ಕೊಡುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ಆದಾಯ ತೆರಿಗೆ ವಿವರ ಸಲ್ಲಿಸಿದರೆ ಅದು ವಾಪಸು ಬರುತ್ತದೆ. ಎಷ್ಟೋ ಕಲಾವಿದರು ಇದನ್ನು ಮಾಡದೆ ಬಿಟ್ಟುಬಿಡುತ್ತಾರೆ.

ಊರಿನ ವಿಳಾಸ ಉಳಿಸಿಕೊಳ್ಳಿ

ಎರಡು ವರ್ಷದ ಕೊನೆಗೆ ಎಷ್ಟು ಕಾರ್ಯಕ್ರಮವಾಯಿತು ಎಂದು ಎಣಿಸುವುದಕ್ಕಿಂತ ಎರಡನೇ ಸಲ ಕರೆದವರು ಎಷ್ಟು ಮಂದಿ ಎಂದು ಎಣಿಸಿ. ಮೊದಲ ಸಲ ಕರೆಯುವುದು ಪರಿಚಯದಿಂದ, ಎರಡನೇ ಸಲ ಕೆಲಸ ನೋಡಿ. ಆ ಪಟ್ಟಿಯಲ್ಲಿ ನಾಲ್ಕೈದು ಹೆಸರಾದರೂ ಇದ್ದರೆ ಇಲ್ಲಿ ಬೇರು ಹಿಡಿದಿದೆ. ಯಾರೂ ಇಲ್ಲದಿದ್ದರೆ ಎಲ್ಲಿ ಕೊರತೆಯೆಂದು ಹಿರಿಯರೊಬ್ಬರನ್ನು ನೇರವಾಗಿ ಕೇಳಿ.

ಇದರ ನಡುವೆ ಊರಿನ ನಂಟನ್ನು ಕಡಿದುಕೊಳ್ಳಬೇಡಿ. ಹಂಪಿ ಉತ್ಸವ, ಕಿತ್ತೂರು ಉತ್ಸವ, ಲಕ್ಕುಂಡಿ ಉತ್ಸವಗಳಲ್ಲಿ ಸ್ಥಳೀಯ ಕಲಾವಿದರಿಗೆ ಅವಕಾಶವಿರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಜಿಲ್ಲೆಗಳಲ್ಲಿ ಯುವಸೌರಭದಂಥ ಕಾರ್ಯಕ್ರಮ ನಡೆಸುತ್ತದೆ. ಬೆಂಗಳೂರಿನಲ್ಲಿ ನೂರಾರು ಜನರ ಸಾಲಿನಲ್ಲಿ ನಿಲ್ಲುವ ಹೊಸಬರು ತಮ್ಮ ಜಿಲ್ಲೆಯಲ್ಲಿ ಎದ್ದು ಕಾಣುತ್ತಾರೆ. ಆಧಾರ್ ವಿಳಾಸ ಬದಲಿಸುವ ಮೊದಲು ಇದನ್ನು ಯೋಚಿಸಿ. ಊರಿಗೆ ಹೋದಾಗ ಜಿಲ್ಲಾ ಕೇಂದ್ರದ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಪರಿಚಯ ಪತ್ರ, ಪ್ರಮಾಣಪತ್ರದ ಪ್ರತಿ, ಹಾಡಿನ ಪೆನ್‌ಡ್ರೈವ್ ಕೊಟ್ಟು ಬನ್ನಿ. ಇಲಾಖೆಯ ಅರ್ಜಿಗಳಿಗೆ ಸೇವಾ ಸಿಂಧು ಜಾಲತಾಣವನ್ನೂ ಆಗಾಗ ನೋಡುತ್ತಿರಿ. ಕಿತ್ತೂರು ಉತ್ಸವ ನಡೆಯುವುದು ಅಕ್ಟೋಬರ್ 23ರ ಸುಮಾರಿಗೆ. ಬೆಳಗಾವಿ ಕಡೆಯವರು ಆಗಸ್ಟ್‌ನಲ್ಲೇ ವಿಚಾರಿಸಲಿ, ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಹೋದರೆ ಯಾರೂ ಏನೂ ಮಾಡಲಾಗುವುದಿಲ್ಲ.